ಹೈಸ್ಕೂಲಿನಲ್ಲಿ ಕೃಷಿ ಕಲಿಸುವುದು ಹೇಗೆ: ಮೇಷ್ಟ್ರಿಗೂ ಎಸ್‌ಡಿಎಂಸಿಗೂ ಒಂದು ವರ್ಷದ ದಾರಿ

ಹಳ್ಳಿ ಹೈಸ್ಕೂಲಿನ ಯಾವ ತರಗತಿಗೆ ಹೋಗಿ "ಮುಂದೆ ಏನಾಗ್ತೀರಿ" ಎಂದು ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ. ಪೊಲೀಸ್, ನರ್ಸ್, ಟೀಚರ್, ಸಾಫ್ಟ್‌ವೇರ್. "ರೈತ" ಎಂದು ಯಾರಾದರೂ ಕೈ ಎತ್ತಿದರೆ ಪಕ್ಕದ ಬೆಂಚಿನವರು ಮುಸಿಮುಸಿ ನಗುತ್ತಾರೆ. ತಪ್ಪು ಮಕ್ಕಳದ್ದಲ್ಲ. "ಓದದಿದ್ರೆ ಎಮ್ಮೆ ಕಾಯೋಕೆ ಹೋಗು" ಎಂದು ಬೈಸಿಕೊಂಡೇ ಬೆಳೆದವರು ಅವರು. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದು ನೆನಪಿದೆ ಅಲ್ವಾ? ಅವರಲ್ಲಿ ಬಹಳಷ್ಟು ಮಂದಿ ಬೇಸಾಯಗಾರರು. ಅದನ್ನು ಟಿವಿಯಲ್ಲಿ ನೋಡಿದ ಹುಡುಗ ಹೊಲದ ಕಡೆ ಮುಖ ಮಾಡಲಿ ಎಂದರೆ ಹೇಗೆ ಮಾಡ್ತಾನೆ?

ಇಂಥ ಶಾಲೆಯಲ್ಲಿ "ರೈತ ದೇಶದ ಬೆನ್ನೆಲುಬು" ಎಂಬ ಭಾಷಣದಿಂದ ಏನೂ ಆಗುವುದಿಲ್ಲ. ಮಕ್ಕಳಿಗೆ ಬೇಸಾಯದ ಕಷ್ಟ ಚೆನ್ನಾಗಿಯೇ ಗೊತ್ತಿದೆ. ಕಳೆ ಕಿತ್ತಿದ್ದಾರೆ, ಹುಲ್ಲು ಹೊತ್ತಿದ್ದಾರೆ. ಅವರು ಕಾಣದೇ ಇರುವುದು ಲೆಕ್ಕ. ಯಾವ ಬೆಳೆ, ಯಾಕೆ, ಎಷ್ಟು ಖರ್ಚು, ಯಾವಾಗ ಮಾರಬೇಕು ಎಂಬ ತೀರ್ಮಾನಗಳು ಮನೆಯಲ್ಲಿ ಅವರ ಕಿವಿಗೆ ಬೀಳುವುದೇ ಇಲ್ಲ. ಶಾಲೆ ಕಲಿಸಬೇಕಾದ್ದು ಇದನ್ನೇ. ಸನಿಕೆ ಹಿಡಿಯುವುದನ್ನು ಅವರೇ ನಮಗೆ ಕಲಿಸಬಲ್ಲರು.

ಕೆಳಗಿನ ದಾರಿ 8, 9ನೇ ತರಗತಿಗೆ. ಹತ್ತನೇ ತರಗತಿಯನ್ನು ಬಿಟ್ಟುಬಿಡಿ, ಅವರಿಗೆ ಪರೀಕ್ಷೆಯ ತಲೆನೋವೇ ಸಾಕು.

1. ಮೊದಲು ಅಪ್ಪ ಅಮ್ಮನ ಜೊತೆ ಮಾತಾಡಿ

ಮೇ ಕೊನೆಯಲ್ಲಿ ಶಾಲೆ ಶುರುವಾದ ಕೂಡಲೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆಯಿರಿ. "ನಾವು ಹೊಲದಲ್ಲಿ ಸಾಯೋದು ಸಾಲದಾ, ನಮ್ಮ ಮಕ್ಕಳನ್ನೂ ಮಣ್ಣಿಗೆ ಹಾಕ್ತೀರಾ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಸಿದ್ಧವಿಟ್ಟುಕೊಳ್ಳಿ: ವಾರಕ್ಕೆ ಎರಡು ಪೀರಿಯಡ್ ಮಾತ್ರ, ವಿಜ್ಞಾನ ಮತ್ತು ಗಣಿತದ ಪಾಠಕ್ಕೆ ಹೊಂದಿಕೊಂಡೇ ಇರುತ್ತದೆ, ಮುಂದೆ ಕೃಷಿ ಕಾಲೇಜಿನ ಸೀಟಿಗೂ ನೆರವಾಗುತ್ತದೆ. ಈ ಕೊನೆಯ ಮಾತು ಕೇಳಿದ ಮೇಲೆ ಸಭೆಯ ಧಾಟಿ ಬದಲಾಗುತ್ತದೆ. ವಿವರ ಮುಂದೆ ಹೇಳುತ್ತೇನೆ.

ಅದೇ ಸಭೆಯಲ್ಲಿ ಎರಡು ನಿಯಮ ಬರೆದುಕೊಳ್ಳಿ. ತಡವಾಗಿ ಬಂದವನಿಗೆ, ಹೋಂವರ್ಕ್ ಮಾಡದವಳಿಗೆ ಕಳೆ ಕೀಳುವ ಶಿಕ್ಷೆ ಕೊಡಬಾರದು. ಎಷ್ಟೋ ಶಾಲೆಗಳಲ್ಲಿ ತೋಟ ಎಂದರೆ ಶಿಕ್ಷೆಯ ಜಾಗ. ಹಾಗಿದ್ದರೆ ಈ ಕೆಲಸ ಶುರು ಮಾಡದಿರುವುದೇ ವಾಸಿ. ಎರಡನೆಯದು, ಯಾವ ಮಗುವೂ ಕೀಟನಾಶಕ ಮುಟ್ಟಬಾರದು. ಶಾಲೆಯ ತೋಟಕ್ಕೆ ಅದನ್ನು ತರುವುದೇ ಬೇಡ.

ಆದರೆ ಅದರ ಡಬ್ಬಿಯ ಮೇಲಿನ ಗುರುತು ಕಲಿಸಲೇಬೇಕು. ಲೇಬಲ್ಲಿನ ಚೌಕದೊಳಗೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಸುರಕ್ಷಿತ ಎಂದಲ್ಲ, ಉಳಿದವುಗಳಿಗಿಂತ ಕಡಿಮೆ ವಿಷ ಅಷ್ಟೇ. ಇದನ್ನು ಕಲಿತ ಮಗು ಸಂಜೆ ಮನೆಗೆ ಹೋಗಿ ಅಟ್ಟದ ಮೇಲಿರುವ ಡಬ್ಬಿ ನೋಡಿ ಅಪ್ಪನಿಗೆ ಹೇಳುತ್ತದೆ. ಚಿತ್ರವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಸಾಕು, ಖಾಲಿ ಡಬ್ಬಿಯನ್ನು ಶಾಲೆಗೆ ತರಿಸಬೇಡಿ.

2. ಜಾಗ, ನೀರು, ಬೇಲಿ

ಒಂದು ಗುಂಟೆ ಸಾಕು. 33 ಅಡಿ ಉದ್ದ, 33 ಅಡಿ ಅಗಲ. ಒಟ್ಟು 1,089 ಚದರ ಅಡಿ. ಇಂಥ 40 ಸೇರಿದರೆ ಒಂದು ಎಕರೆ. ಹಗ್ಗ, ಗೂಟ ಕೊಟ್ಟು ಮಕ್ಕಳಿಂದಲೇ ಅಳತೆ ಮಾಡಿಸಿ. ಪುಸ್ತಕದಲ್ಲಿ ವಿಸ್ತೀರ್ಣದ ಲೆಕ್ಕ ಬಿಡಿಸುವವರಿಗೂ ತಮ್ಮ ಹೊಲದಲ್ಲಿ ಒಂದು ಗುಂಟೆ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ಬರುವುದಿಲ್ಲ. ಅದೇ ವಾರ ಮನೆಯಿಂದ ಪಹಣಿಯ ಒಂದು ನಕಲು ತರಲು ಹೇಳಿ. ಸರ್ವೆ ನಂಬರ್, ವಿಸ್ತೀರ್ಣ, ಖರಾಬು (ಬೇಸಾಯಕ್ಕೆ ಬಾರದ ಜಾಗ), ಬೆಳೆ ಕಾಲಂ ಯಾವುದು ಎಂದು ಓದಿಸಿ. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆ ಚಿಲ್ಲರೆ. ತಮ್ಮದು ಅದಕ್ಕಿಂತ ಜಾಸ್ತಿಯೋ ಕಡಿಮೆಯೋ ಎಂದು ಅವರೇ ನೋಡಿಕೊಳ್ಳಲಿ. ಜಮೀನಿಲ್ಲದ ಮನೆಯ ಮಕ್ಕಳೂ ಇರುತ್ತಾರೆ, ಅವರಿಗೆ ಮುಜುಗರ ಆಗದಂತೆ ನಾಲ್ಕೈದು ಪಹಣಿಗಳನ್ನು ಗುಂಪಿಗೆ ಒಂದರಂತೆ ಹಂಚಿ.

ಬೇಲಿ ಇಲ್ಲದೆ ಬಿತ್ತಬೇಡಿ, ಊರ ಮೇಕೆಗಳು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಮುಗಿಸುತ್ತವೆ. ಉದ್ಯೋಗ ಖಾತ್ರಿಯಲ್ಲಿ ಶಾಲೆಯ ಪೌಷ್ಟಿಕ ಕೈತೋಟದ ಕೆಲಸ ಎಷ್ಟೋ ಪಂಚಾಯಿತಿಗಳಲ್ಲಿ ಆಗಿದೆ. ಪಿಡಿಒ ಅವರಿಗೆ ಬಾಯಲ್ಲಿ ಹೇಳದೆ ಮುಖ್ಯೋಪಾಧ್ಯಾಯರ ಸಹಿಯ ಪತ್ರ ಕೊಡಿ. ನೀರಿಗೆ ಬಿಸಿಯೂಟದ ಕೈ ತೊಳೆಯುವ ಜಾಗವೇ ಮೂಲ. ಆ ನೀರನ್ನು ಸಣ್ಣ ಕಾಲುವೆ ಮಾಡಿ ಬಾಳೆ, ಪಪ್ಪಾಯ, ನುಗ್ಗೆಯ ಬುಡಕ್ಕೆ ಬಿಡಿ. ಸೊಪ್ಪಿನ ಮಡಿಗೆ ಮಾತ್ರ ಒಳ್ಳೆಯ ನೀರು ಹಾಕಿ.

3. ಬಿತ್ತುವ ಮುಂಚೆ ಮಣ್ಣು, ಬೀಜ ಪರೀಕ್ಷೆ

ಮಣ್ಣಿನ ಮಾದರಿ ತೆಗೆಯುವುದನ್ನು ಮಕ್ಕಳು ಒಮ್ಮೆ ಕಲಿತರೆ ಊರಿಗೇ ಉಪಕಾರ. ಬದು, ತಿಪ್ಪೆ, ಮರದ ನೆರಳು ಬಿಟ್ಟು ಅಂಕುಡೊಂಕಾಗಿ ಎಂಟು ಹತ್ತು ಜಾಗ ಗುರುತಿಸಿ. ಪ್ರತಿ ಜಾಗದಲ್ಲೂ ಇಂಗ್ಲಿಷಿನ ವಿ ಆಕಾರದಲ್ಲಿ ಅರ್ಧ ಅಡಿ ಆಳ ಅಗೆದು, ಬದಿಯಿಂದ ತೆಳುವಾಗಿ ಮಣ್ಣು ಕೆರೆದುಕೊಳ್ಳಿ. ಎಲ್ಲವನ್ನೂ ಗೋಣಿಚೀಲದ ಮೇಲೆ ಬೆರೆಸಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಎಸೆಯಿರಿ. ಅರ್ಧ ಕೆಜಿ ಉಳಿಯುವ ತನಕ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ಹಾಕಿ, ಹೆಸರು, ತಾರೀಕು ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಮುಟ್ಟಿಸಿ. ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರ ಬರುತ್ತದೆ. ಆಮ್ಲ, ಕ್ಷಾರ ಎಂದು ರಸಾಯನಶಾಸ್ತ್ರದಲ್ಲಿ ಬಾಯಿಪಾಠ ಮಾಡಿದ್ದು ಅಲ್ಲಿ ತಮ್ಮೂರ ಮಣ್ಣಿನ ಅಂಕಿಯಾಗಿ ಕಾಣುತ್ತದೆ.

ಬೀಜ ಪರೀಕ್ಷೆ ಇನ್ನೂ ಸುಲಭ. 100 ಕಾಳು ಎಣಿಸಿ, ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿ, ತೇವ ಆರದಂತೆ ನೋಡಿಕೊಂಡು ಒಂದು ವಾರ ಇಡಿ. ಎಷ್ಟು ಮೊಳೆತವು? ಪ್ರಮಾಣಿತ ಬೀಜವಾದರೆ ಭತ್ತ ಕನಿಷ್ಠ ಶೇ 80, ರಾಗಿ ಶೇ 75 ಮೊಳೆಯಬೇಕು. ಅಂಗಡಿಯ ಬೀಜ ಒಂದು ಗುಂಪಿಗೆ, ಮನೆಯ ಬೀಜ ಇನ್ನೊಂದು ಗುಂಪಿಗೆ ಕೊಡಿ. ಮನೆಯದೇ ಗೆದ್ದರೆ ಆ ಮಗುವಿನ ಮುಖ ನೋಡಬೇಕು.

ಉಳಿದ ಬೀಜ ಎಸೆಯಬೇಡಿ. ಗಾಜಿನ ಸಣ್ಣ ಬಾಟಲಿಗಳಲ್ಲಿ ಹಾಕಿ ಹೆಸರಿನ ಚೀಟಿ ಅಂಟಿಸಿ ಕಪಾಟಿನಲ್ಲಿ ಸಾಲಾಗಿಡಿ. ರಾಗಿ, ನವಣೆ, ಸಾಮೆ, ಹಾರಕ, ಹುರುಳಿ, ಹುಚ್ಚೆಳ್ಳು, ಅಲಸಂದೆ, ಕುಸುಬೆ. ಪಕ್ಕದಲ್ಲೇ ಯೂರಿಯಾ, ಡಿಎಪಿ, ಪೊಟ್ಯಾಷ್ ಗೊಬ್ಬರದ ಮಾದರಿಗಳು, ಒಣಗಿಸಿ ಕಾಗದಕ್ಕೆ ಅಂಟಿಸಿದ ಕಳೆಗಿಡಗಳು. ಈ ಕಪಾಟು ಸುಮ್ನೆ ಅಂದಕ್ಕೆ ಅಲ್ಲ. ಕಾರಣ 9ನೇ ಹೆಜ್ಜೆಯಲ್ಲಿದೆ.

4. ಶಾಲೆಯ ಕ್ಯಾಲೆಂಡರಿಗೆ ಹೊಂದುವ ಬೆಳೆ

ಬಹಳಷ್ಟು ಶಾಲಾ ತೋಟಗಳು ಸೋಲುವುದು ರಜೆಯಲ್ಲಿ. ಜೂನ್‌ನಲ್ಲಿ ಉತ್ಸಾಹದಿಂದ ಟೊಮೆಟೊ ನೆಡುತ್ತಾರೆ, ದಸರಾ ರಜೆಯಲ್ಲಿ ನೋಡುವವರಿಲ್ಲ. ಅದಕ್ಕೇ ಮೊದಲ ಬೆಳೆ ಬೇಗ ಕೈಗೆ ಬರಬೇಕು. ಮೃಗಶಿರಾ ಮಳೆ ಹೊತ್ತಿಗೆ 10 ಅಡಿ ಉದ್ದ, 4 ಅಡಿ ಅಗಲದ ಮಡಿಗಳನ್ನು ಮಾಡಿ ದಂಟು, ಮೆಂತ್ಯ ಬಿತ್ತಿ. ತಿಂಗಳೊಳಗೆ ಕೊಯ್ಲು. ಮೂಲಂಗಿಗೆ 40-45 ದಿನ, ಬೆಂಡೆಯ ಮೊದಲ ಕೊಯ್ಲಿಗೆ 45-50 ದಿನ. ಬೆಂಡೆಗೆ ಹಳದಿ ನರದ ರೋಗ ಜಾಸ್ತಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ ತಳಿಯನ್ನು ಅದನ್ನು ತಡೆದುಕೊಳ್ಳಲೆಂದೇ ರೂಪಿಸಿದ್ದು. ಒಂದು ಸಾಲು ಅದು, ಪಕ್ಕದಲ್ಲಿ ಒಂದು ಸಾಲು ನಾಟಿ ಬೆಂಡೆ ಹಾಕಿ, ಎಲೆ ನೋಡಿ ಮಕ್ಕಳೇ ಹೇಳಲಿ. ತಳಿ ಎಂದರೆ ಏನು ಎಂಬ ಪಾಠಕ್ಕೆ ಬೇರೆ ಪೀಠಿಕೆ ಬೇಡ.

ದಸರಾ ರಜೆಗೆ ಮುಂಚೆ ಅವರೆ, ಅಲಸಂದೆ ಹಾಕಿ. ಹೆಚ್ಚು ಆರೈಕೆ ಕೇಳುವುದಿಲ್ಲ. ಬೇಲಿಯ ಗುಂಟ ನುಗ್ಗೆ, ಕರಿಬೇವು. ಫೆಬ್ರವರಿ ಆದ ಮೇಲೆ ಹೊಸದಾಗಿ ಏನೂ ಬಿತ್ತಬೇಡಿ.

ಗೊಬ್ಬರಕ್ಕೆ ಜೀವಾಮೃತ ಮಾಡಿಸಬಹುದು. ಎಕರೆಗೆ ಹೇಳುವ ಅಳತೆ 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ 2 ಕೆಜಿ, ಒಂದು ಹಿಡಿ ಮಣ್ಣು. ಬಕೆಟ್‌ನಲ್ಲಿ 20 ಲೀಟರ್ ಮಾಡಲು ಯಾವುದು ಎಷ್ಟು ಬೇಕು? ಬೋರ್ಡಿನ ಮೇಲೆ ಉತ್ತರ ಬರದವರೂ ಇಲ್ಲಿ ಹೇಳುತ್ತಾರೆ.

5. ಲೆಕ್ಕದ ಪುಸ್ತಕ

ಇಡೀ ಕೆಲಸದ ಜೀವ ಇಲ್ಲಿದೆ. ಐದಾರು ಮಕ್ಕಳ ಒಂದೊಂದು ಗುಂಪಿಗೆ ಒಂದೊಂದು ಮಡಿ, ಒಂದೊಂದು ನೋಟ್‌ಬುಕ್. ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಆದಾಯ. ಬೀಜ, ಗೊಬ್ಬರ ಬರೆಯುವುದು ಎಲ್ಲರಿಗೂ ಹೊಳೆಯುತ್ತದೆ. ಕೂಲಿಯನ್ನು ಯಾರೂ ಬರೆಯುವುದಿಲ್ಲ. ಅಪ್ಪ ಅಮ್ಮನೂ ಬರೆದಿಲ್ಲ, ಅದಕ್ಕೇ ಮನೆಯಲ್ಲಿ ಯಾವ ಬೆಳೆ ನಿಜವಾಗಿ ದುಡ್ಡು ಕೊಟ್ಟಿತು ಎಂದು ಯಾರಿಗೂ ಗೊತ್ತಿಲ್ಲ. ಮಕ್ಕಳು ತಮ್ಮ ಶ್ರಮಕ್ಕೆ ಊರಿನ ಕೂಲಿ ದರ ಹಾಕಿ ಬರೆಯಲಿ.

ಒಂದು ದಂಟಿನ ಮಡಿಯ ಲೆಕ್ಕ ಹೀಗಿರಬಹುದು. ಅಂಕಿಗಳು ಊಹೆಯವು, ನಿಮ್ಮೂರಿನ ದರ ಹಾಕಿಕೊಳ್ಳಿ. ಬೀಜ 10 ರೂಪಾಯಿ, ಗೊಬ್ಬರ 30. ನೀರು ಹಾಕಲು, ಕಳೆ ತೆಗೆಯಲು ದಿನಕ್ಕೆ 10 ನಿಮಿಷ, ಒಂದು ತಿಂಗಳಿಗೆ 5 ಗಂಟೆ. ದಿನದ ಕೂಲಿ 400 ಎಂದರೆ ಗಂಟೆಗೆ 50, ಒಟ್ಟು 250. ಖರ್ಚು 290 ಆಯಿತು. 25 ಕಟ್ಟು ಸೊಪ್ಪು ಬಂದು, ಕಟ್ಟಿಗೆ 10 ರೂಪಾಯಿ ಸಿಕ್ಕರೆ 250. ನಲವತ್ತು ರೂಪಾಯಿ ನಷ್ಟ!

ಇಲ್ಲಿಗೆ ನಿಲ್ಲಿಸಿ ಗಂಟೆ ಬಾರಿಸಿದರೆ "ಬೇಸಾಯ ದಂಡ" ಎಂಬ ಪಾಠವೇ ಉಳಿಯುತ್ತದೆ. ಮುಂದಿನ ಪ್ರಶ್ನೆ ಕೇಳಿ: ಯಾವ ಖರ್ಚು ಇಳಿಸಬಹುದು? ಬೀಜ, ಗೊಬ್ಬರ ಸೇರಿ ಬರೀ 40 ರೂಪಾಯಿ, ಭಾರ ಇರುವುದು ಕೂಲಿಯಲ್ಲಿ. ಮಡಿಗೆ ಒಣಹುಲ್ಲು ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆ ಆಗುತ್ತದೆ. ಕೆಲಸ ಅರ್ಧಕ್ಕೆ ಇಳಿದರೆ ಕೂಲಿ 125, ಖರ್ಚು 165, ಉಳಿಕೆ 85. ಇನ್ನೊಂದು ಗುಂಪು ದಂಟನ್ನು ಬೇರು ಸಮೇತ ಕೀಳದೆ ಕೊಯ್ಯಲಿ. ಮತ್ತೆ ಚಿಗುರುತ್ತದೆ, ಎರಡನೇ ಕೊಯ್ಲಿಗೆ ಬೀಜದ ಖರ್ಚಿಲ್ಲ. ಒಂದೇ ಬೆಳೆ, ಮೂರು ಗುಂಪು, ಮೂರು ಬೇರೆ ಬೇರೆ ಲೆಕ್ಕ. ಹನಿ ನೀರಾವರಿ, ಹೊದಿಕೆ ಎಂಬವು ಯಾಕೆ ಹುಟ್ಟಿದವು ಎಂದು ವಿವರಿಸಬೇಕಾದ ಅಗತ್ಯ ಆಮೇಲೆ ಬರುವುದಿಲ್ಲ.

ಸೊಪ್ಪು ಬಿಸಿಯೂಟದ ಅಡುಗೆಮನೆಗೆ ಹೋಗಲಿ, ಆದರೆ ಪುಸ್ತಕದಲ್ಲಿ ಆ ದಿನದ ಸಂತೆ ದರ ಬರೆದೇ ಹೋಗಲಿ. ಅಡುಗೆಯವರಿಂದ ತೂಕಕ್ಕೆ ಸಹಿ ಹಾಕಿಸಿಕೊಳ್ಳಲಿ.

ಜೊತೆಗೆ ಒಂದು ಗೋಡೆ ಚಾರ್ಟ್. ಕೋಲಾರದ ಮಾರುಕಟ್ಟೆಯ ಟೊಮೆಟೊ ಧಾರಣೆ ಅಥವಾ ನಿಮ್ಮ ಹತ್ತಿರದ ಎಪಿಎಂಸಿಯ ಯಾವುದಾದರೂ ಒಂದು ಬೆಳೆಯ ದರ, ಪ್ರತಿದಿನ ಒಂದು ಚುಕ್ಕಿ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದರ ಸಿಗುತ್ತದೆ, ಪೇಪರಿನಲ್ಲೂ ಬರುತ್ತದೆ. ಮೂರು ತಿಂಗಳಾದ ಮೇಲೆ ಆ ಗೆರೆ ಹತ್ತಿಳಿದದ್ದನ್ನು ನೋಡಿ "ಎಲ್ಲರೂ ಒಟ್ಟಿಗೆ ನೆಟ್ಟರೆ ಏನಾಗುತ್ತದೆ" ಎಂದು ಕೇಳಿ. ಅರ್ಥಶಾಸ್ತ್ರದ ಬೇಡಿಕೆ, ಪೂರೈಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ನನಗೆ ಕಂಡಿಲ್ಲ.

6. ಪ್ರತಿ ಮಗುವಿಗೂ ಮನೆಯಲ್ಲಿ ಒಂದು ಸ್ವಂತ ಕೆಲಸ

ಶಾಲೆಯ ತೋಟ ಎಲ್ಲರದ್ದು, ಹಾಗಾಗಿ ಯಾರದ್ದೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೂಫಸ್ ಸ್ಟಿಮ್ಸನ್ ಎಂಬ ಶಿಕ್ಷಕರು 1908ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ವಿದ್ಯಾರ್ಥಿ ತನ್ನ ಮನೆಯ ಹೊಲದಲ್ಲೇ ಒಂದು ಸಣ್ಣ ಕೆಲಸ ಹಿಡಿಯಬೇಕು, ಲೆಕ್ಕ ಇಡಬೇಕು, ಮೇಷ್ಟ್ರು ಅಲ್ಲಿಗೇ ಹೋಗಿ ನೋಡಬೇಕು. 1917ರಲ್ಲಿ ಆ ದೇಶ ಕೃಷಿ ಶಿಕ್ಷಣಕ್ಕೆ ಹಣ ಕೊಡುವ ಕಾಯ್ದೆ ಮಾಡಿದಾಗ ವರ್ಷಕ್ಕೆ ಕನಿಷ್ಠ ಆರು ತಿಂಗಳು ಇಂಥ ಅಭ್ಯಾಸ ಇರಲೇಬೇಕು ಎಂದು ಬರೆಯಿತು. ಅಲ್ಲಿನ ಹೊಲಗಳ ಅಳತೆ ನಮಗೆ ಆಗಿಬರುವುದಿಲ್ಲ, ಈ ಉಪಾಯ ಮಾತ್ರ ಚೆನ್ನಾಗಿ ಆಗಿಬರುತ್ತದೆ.

ಹತ್ತು ನಾಟಿ ಕೋಳಿ, ಐವತ್ತು ಕರಿಬೇವಿನ ಸಸಿ, ಒಂದು ಸಾಲು ಸೇವಂತಿಗೆ, ಚಿಪ್ಪು ಅಣಬೆಯ ನಾಲ್ಕು ಚೀಲ. ಇವ್ಯಾವುದಕ್ಕೂ ಜಮೀನು ಬೇಡ, ಹಾಗಾಗಿ ಜಮೀನಿಲ್ಲದ ಮನೆಯ ಮಗುವೂ ಹಿಡಿಯಬಹುದು. ರೇಷ್ಮೆ ಸಾಕುವ ಮನೆಯಾದರೆ ಒಂದು ಬೆಳೆಯ ಲೆಕ್ಕ ಪೂರ್ತಿ ಮಗುವಿನ ಕೈಗೆ. ಚಾಕಿ ಹುಳು (ಎಳೆಯ ರೇಷ್ಮೆ ಹುಳು) ತಂದ ದಿನದಿಂದ ಗೂಡು ಬಿಡಿಸುವ ತನಕ ಮೂರು ವಾರದ ಆಸುಪಾಸು, ಶಾಲೆಯ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂತಿದೆ.

ಹಸು ಇದ್ದರೆ ಹಾಲಿನ ಡೈರಿಯ ಪಾಸ್‌ಬುಕ್ಕೇ ಪಠ್ಯ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಬಟವಾಡೆ ಎಷ್ಟು. ಎದುರಿಗೆ ಹಿಂಡಿ, ಬೂಸಾ, ಮೇವು, ಡಾಕ್ಟರ ಖರ್ಚು, ಹಸು ಬತ್ತಿದ ದಿನಗಳು. "ಒಂದು ಲೀಟರ್ ಹಾಲು ಕರೆಯಲು ನಮ್ಮ ಮನೆಗೆ ಎಷ್ಟು ಬೀಳುತ್ತದೆ" ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಮಗು ಆಮೇಲೆ ಮನೆಯ ಮಾತುಕತೆಯಲ್ಲಿ ಕೂರುತ್ತದೆ. ದೊಡ್ಡವರು ಅದರ ಅಭಿಪ್ರಾಯ ಕೇಳತೊಡಗುತ್ತಾರೆ. ನನ್ನ ಮಟ್ಟಿಗೆ ಈ ಇಡೀ ಪ್ರಯತ್ನದಲ್ಲಿ ಸಿಗುವ ದೊಡ್ಡ ಲಾಭ ಅದೇ.

ಹದಿನಾಲ್ಕು ತುಂಬದ ಮಕ್ಕಳನ್ನು ಕೂಲಿಗೆ ಕಳಿಸುವುದಕ್ಕೂ ಇದಕ್ಕೂ ಗೆರೆ ಸ್ಪಷ್ಟ ಇರಲಿ. ತನ್ನ ಮನೆಯದ್ದು, ಶಾಲೆಯ ಹೊತ್ತು ಮುಗಿದ ಮೇಲೆ, ಹಗುರ ಕೆಲಸ. ಹಾಜರಿ ತಪ್ಪತೊಡಗಿದರೆ ಪ್ರಾಜೆಕ್ಟ್ ನಿಲ್ಲಿಸಿ.

7. ಹೊರಗೆ ಕರೆದುಕೊಂಡು ಹೋಗಿ, ಒಳಗೂ ಕರೆಸಿ

ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ಈಗ 700ಕ್ಕೂ ಹೆಚ್ಚಿವೆ, ನಿಮ್ಮ ಜಿಲ್ಲೆಯಲ್ಲೂ ಒಂದು ಇರುತ್ತದೆ. ಮೊದಲೇ ಪತ್ರ ಬರೆದು ದಿನ ಗೊತ್ತು ಮಾಡಿಕೊಂಡು ಹೋಗಿ. ಬೆಂಗಳೂರಿನ ಜಿಕೆವಿಕೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಮೇಳಕ್ಕೆ ಹೋಗುವುದಾದರೆ ಜನ ಕಡಿಮೆ ಇರುವ ದಿನ ಆರಿಸಿ. ಪ್ರತಿ ಗುಂಪಿಗೆ ಮೂರು ಪ್ರಶ್ನೆ ಬರೆದುಕೊಡಿ. ಇಲ್ಲವಾದರೆ ಕೈತುಂಬ ಕರಪತ್ರ, ಒಂದು ಐಸ್‌ಕ್ರೀಮ್, ಅಷ್ಟೇ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಹತ್ತಿರವಿದ್ದರೆ ಅಲ್ಲಿಗೆ ಹೋಗಿ ರಾಗಿ ಲಕ್ಷ್ಮಣಯ್ಯನವರ ಕೆಲಸ ಹೇಳಿ. ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಅಡ್ಡ ಹಾಯಿಸಿ ಇಂಡಾಫ್ ತಳಿಗಳನ್ನು ತಂದವರು ಅವರು. ತಟ್ಟೆಯಲ್ಲಿರುವ ಮುದ್ದೆಯ ಹಿಂದೆ ಒಬ್ಬ ವಿಜ್ಞಾನಿ ಇದ್ದಾರೆ ಎಂದು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಶಾಲೆಗೆ ಕರೆಸಬೇಕಾದವರ ಬಗ್ಗೆ ನನ್ನದೊಂದು ತಕರಾರಿದೆ. ಎಲ್ಲರೂ ಪ್ರಶಸ್ತಿ ಪಡೆದ ರೈತರನ್ನೇ ಕರೆಸುತ್ತಾರೆ. ಅವರು ಗೆದ್ದ ಕಥೆ ಹೇಳುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಒಬ್ಬರೂ ನಂಬುವುದಿಲ್ಲ. ಪಕ್ಕದೂರಿನ 30 ವರ್ಷದ ಸಾಧಾರಣ ರೈತನನ್ನು ಕರೆಸಿ. ಯಾವ ವರ್ಷ ನಷ್ಟ ಆಯ್ತು, ಸಾಲ ಹೇಗೆ ತೀರಿತು, ಈಗ ವರ್ಷಕ್ಕೆ ಎಷ್ಟು ಉಳಿಯುತ್ತದೆ ಎಂದು ಮಕ್ಕಳೇ ಕೇಳಲಿ. ಕೃಷಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ಕೆಲಸ ಕಲಿಯುವ ಶಿಬಿರ ನಿಮ್ಮ ಹೋಬಳಿಗೆ ಬಂದರೆ ಬಿಡಲೇಬೇಡಿ. ಇಪ್ಪತ್ತರ ಆಸುಪಾಸಿನ ಅಕ್ಕ ಅಣ್ಣಂದಿರು ಬಂದು ಕೂತರೆ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ.

8. ಹೆಣ್ಣುಮಕ್ಕಳಿಗೆ ಮಾರುಕಟ್ಟೆ, ಗಂಡುಮಕ್ಕಳಿಗೆ ಕಳೆ

ತಾನಾಗಿ ಬಿಟ್ಟರೆ ಹುಡುಗಿಯರು ನೀರು ಹಾಕಿ ಕಳೆ ಕೀಳುತ್ತಾರೆ, ಹುಡುಗರು ಅಳತೆ ಮಾಡಿ ದುಡ್ಡು ಎಣಿಸುತ್ತಾರೆ. ಮನೆಯಲ್ಲಿ ನೋಡಿದ್ದೇ ಇಲ್ಲೂ. ಪ್ರತಿ ತಿಂಗಳು ಕೆಲಸ ಅದಲುಬದಲು ಮಾಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ, ಕರ್ನಾಟಕ 1994ರಲ್ಲೇ ಈ ದಾರಿ ಹಿಡಿದಿತ್ತು. ಪಹಣಿ ಓದಿಸುವ ದಿನವೇ ಇದನ್ನೂ ಹೇಳಿಬಿಡಿ. ಭಾಷಣ ಬೇಡ, ಒಂದೇ ಸಾಲು ಸಾಕು.

9. ಮುಂದಿನ ದಾರಿಗಳನ್ನು ಗೋಡೆಯ ಮೇಲೆ ಬರೆಯಿರಿ

ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ಮುಖ್ಯ ದಾರಿ. ಒಂದು, ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ. ಕನ್ನಡ ಮಾಧ್ಯಮದಲ್ಲೇ ಇದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಇನ್ನೊಂದು, ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆದು ನಾಲ್ಕು ವರ್ಷದ ಬಿಎಸ್ಸಿ ಕೃಷಿ. ಜೀವಶಾಸ್ತ್ರ ಬಿಡಬಾರದು ಎಂದು ಒಂಬತ್ತನೇ ತರಗತಿಯಲ್ಲೇ ಹೇಳಿ, ಪಿಯುಸಿ ಸೇರಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ತೋಟಗಾರಿಕೆ, ರೇಷ್ಮೆ, ಅರಣ್ಯ, ಪಶುವೈದ್ಯ, ಮೀನುಗಾರಿಕೆ, ಆಹಾರ ತಂತ್ರಜ್ಞಾನ ಎಲ್ಲವೂ ಇದೇ ಸಾಲಿನವು. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ, ಬಾಗಲಕೋಟೆ, ಬೀದರ್ ವಿಶ್ವವಿದ್ಯಾಲಯಗಳನ್ನು ರಾಜ್ಯದ ನಕ್ಷೆಯಲ್ಲಿ ಗುರುತಿಸಿ ಅಂಟಿಸಿ.

ಬಿಎಸ್ಸಿ ಕೃಷಿ ಸೀಟುಗಳಲ್ಲಿ ದೊಡ್ಡ ಪಾಲು ಕೃಷಿಕರ ಮಕ್ಕಳಿಗೆ ಮೀಸಲು. ಇದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ ವ್ಯವಸಾಯಗಾರರ ಕುಟುಂಬದ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು, ಮೇಲೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಗಿಡ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ಬಾಟಲಿಗಳ ಕಪಾಟು ಯಾಕೆ ಎಂದು ಈಗ ಗೊತ್ತಾಯ್ತಲ್ಲ? ಹೊಲವಿರುವ ಮನೆಯ ಮಕ್ಕಳೇ ಸಾಮೆ, ನವಣೆ ಬೇರೆ ಮಾಡಲಾಗದೆ ತಡವರಿಸುತ್ತಾರೆ, ಬಿತ್ತುವ ಕೂರಿಗೆ ಕಂಡೇ ಇರುವುದಿಲ್ಲ. ಎರಡು ವರ್ಷ ಆ ಕಪಾಟಿನ ಎದುರು ಕೂತವರಿಗೆ ಕೋಚಿಂಗ್ ಬೇಕಾಗುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಯಾ ವರ್ಷ ಕೊಡುವ ಮಾಹಿತಿ ಪುಸ್ತಕವನ್ನೇ ನೋಡಿ.

ಕೆಲಸಗಳ ಪಟ್ಟಿಯಲ್ಲಿ ಸರ್ಕಾರಿ ಕೃಷಿ ಅಧಿಕಾರಿ, ಬ್ಯಾಂಕಿನ ಕೃಷಿ ಅಧಿಕಾರಿ ಮಾತ್ರ ಬರೆದು ನಿಲ್ಲಿಸಬೇಡಿ. ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆ, ನರ್ಸರಿ, ಹನಿ ನೀರಾವರಿ ಜೋಡಿಸುವವರು, ಡ್ರೋನ್ ಹಾರಿಸುವವರು, ಮಣ್ಣು ಪರೀಕ್ಷೆಯ ಲ್ಯಾಬ್, ರೈತ ಉತ್ಪಾದಕ ಕಂಪನಿಯ ಮ್ಯಾನೇಜರ್, ಹಾಲಿನ ಸಂಘದ ಕಾರ್ಯದರ್ಶಿ. ನಾಲ್ಕಾರು ವರ್ಷ ಇಂಥದ್ದೊಂದು ಕೆಲಸ ಮಾಡಿ ಕೈಯಲ್ಲಿ ದುಡ್ಡು ಇಟ್ಟುಕೊಂಡು ಆಮೇಲೆ ಸ್ವಂತ ಹೊಲಕ್ಕೆ ಇಳಿದರೂ ತಪ್ಪಿಲ್ಲ. ಮೂರು ಎಕರೆಯ ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದರೆ ಇಬ್ಬರೂ ಅದರಲ್ಲೇ ಬದುಕಿ ಎಂದು ಹೇಳುವುದು ಅನ್ಯಾಯ. ಒಬ್ಬ ಬೆಳೆಯಬಹುದು, ಇನ್ನೊಬ್ಬ ಬೆಳೆದದ್ದನ್ನು ಸಂಸ್ಕರಿಸಿ ಮಾರಬಹುದು.

10. ಮೇಷ್ಟ್ರಿಗೆ ವರ್ಗ ಆದರೆ?

ಇಂಥ ಕೆಲಸ ಸಾಮಾನ್ಯವಾಗಿ ಒಬ್ಬರ ಉಮೇದಿನ ಮೇಲೆ ನಡೆಯುತ್ತದೆ, ಅವರಿಗೆ ವರ್ಗವಾದ ವರ್ಷ ತೋಟದಲ್ಲಿ ಪಾರ್ಥೇನಿಯಂ ಎದ್ದಿರುತ್ತದೆ. ಇದನ್ನು ತಪ್ಪಿಸಲು ಒಂಬತ್ತನೇ ತರಗತಿಯವರು ಮಾರ್ಚ್‌ನಲ್ಲಿ ತಮ್ಮ ಮಡಿ, ಬೀಜದ ಬಾಟಲಿ, ಲೆಕ್ಕದ ಪುಸ್ತಕಗಳನ್ನು ಎಂಟನೇ ತರಗತಿಯವರಿಗೆ ಪಟ್ಟಿ ಮಾಡಿ ಒಪ್ಪಿಸಲಿ. ಎರಡೂ ಕಡೆಯವರ ಸಹಿ ಇರಲಿ. ಬೇಸಿಗೆ ರಜೆಯಲ್ಲಿ ನೀರು ಹಾಕಲು ಶಾಲೆಯ ಹತ್ತಿರದ ಮೂರು ಮನೆಗಳಿಗೆ ಸರದಿ ಹಾಕಿ. ನುಗ್ಗೆ, ಪಪ್ಪಾಯ, ಕರಿಬೇವು ಆ ಎರಡು ತಿಂಗಳು ಅವರಿಗೇ ಸೇರಲಿ, ಆಗ ಸರದಿ ತಪ್ಪುವುದಿಲ್ಲ. ಒಂದು ರಿಜಿಸ್ಟರ್‌ನಲ್ಲಿ ಯಾವ ತಿಂಗಳು ಏನು ಬಿತ್ತಿದಿರಿ, ಏನು ಸೋತಿತು, ಯಾವ ಇಲಾಖೆಗೆ ಯಾವ ಪತ್ರ ಬರೆದಿರಿ ಎಂದು ಬರೆದಿಡಿ. ಒಂದು ಪ್ರತಿ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಇನ್ನೊಂದು ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರ. ಹೊಸದಾಗಿ ಬರುವವರು ಕನ್ನಡ ಮೇಷ್ಟ್ರೋ ಡ್ರಾಯಿಂಗ್ ಮೇಷ್ಟ್ರೋ ಯಾರಾದರೂ ಆಗಿರಬಹುದು, ಅದನ್ನು ಓದಿ ಜೂನ್‌ನಲ್ಲಿ ಶುರು ಮಾಡುವಷ್ಟು ವಿವರ ಅದರಲ್ಲಿರಬೇಕು.